ಕ್ಲಿಪ್ಪು ಮುಟ್ಟದ ದಿನ

ಅಹಮದಾಬಾದಿನ ನರೋಡಾದ ನಮ್ಮ ಯಾರ್ಡಿನಲ್ಲಿ ಕೆಲಸ ಶುರುವಾಗುವುದು ಎಂಟಕ್ಕೆ. ನಾನು ಹೋಗಿ ನಿಲ್ಲುವುದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಸೇನೆಯ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಎಂಟು ಗಂಟೆ ಅಂದರೆ ಅದೇ. ಅಲ್ಲಿಂದ ಬಿಡುಗಡೆಯಾದ ಮೇಲೆ ಅಹಮದಾಬಾದಿನಲ್ಲೇ ಉಳಿದು, ಲಾರಿ ಕಂಪನಿಯೊಂದರಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಕೆಲಸದ ಉಸ್ತುವಾರಿ ವಹಿಸಿಕೊಂಡೆ. ಕಂಪನಿಗೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಯಾರ್ಡುಗಳಿವೆ. ಡ್ರೈವರುಗಳು ನನ್ನನ್ನು ಕಾಕಾ ಎನ್ನುತ್ತಾರೆ.

ಕೆಟ್ಟ ಲಾರಿಯನ್ನು ಕ್ರೇನಿಗೆ ನೇತು ಹಾಕದೆ, ಎಲ್ಲ ಗಾಲಿಗಳೂ ನೆಲದ ಮೇಲಿರುವಂತೆ, ಉಕ್ಕಿನ ದಂಡದಿಂದ ಇನ್ನೊಂದು ಲಾರಿಗೆ ಜೋಡಿಸಿ ಎಳೆಯುವುದು ನೋಡುವವರಿಗೆ ಸುಲಭ. ಮಾಡುವವರಿಗಲ್ಲ. ಎಂಜಿನ್ ಸತ್ತ ಲಾರಿಯ ಗೇರ್‌ಬಾಕ್ಸಿನಲ್ಲಿ ಎಣ್ಣೆ ಓಡಾಡುವುದಿಲ್ಲ. ಹಾಗೇ ಎಳೆದರೆ ಅದು ಒಳಗೊಳಗೇ ಸುಟ್ಟುಹೋಗುತ್ತದೆ, ಆದ್ದರಿಂದ ಅದನ್ನು ಹಿಂದಿನ ಗಾಲಿಗಳಿಗೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು. ಗಾಳಿಯಿಲ್ಲದ ಬ್ರೇಕು ಬಿಗಿದೇ ಇರುತ್ತದೆ, ಮುಂದಿನ ಲಾರಿಯಿಂದ ಪೈಪು ಹಾಕಿ ಗಾಳಿ ಕೊಡಬೇಕು. ಗಾಳಿ ತುಂಬಿದ ಕ್ಷಣ ಬ್ರೇಕು ಬಿಟ್ಟು ಲಾರಿ ಜಾರಬಹುದು, ಹಾಗಾಗಿ ಇವೆಲ್ಲಕ್ಕೂ ಮೊದಲು ಗಾಲಿಗಳಿಗೆ ಕಟ್ಟಿಗೆಯ ದಿಮ್ಮಿ ಅಡ್ಡ ಇಡಬೇಕು. ಎಳೆಯುವ ದಂಡದ ಎರಡೂ ತುದಿಗೆ ಒಂದೊಂದು ಪಿನ್ನು. ಪಿನ್ನು ಮೇಲೇಳದಂತೆ ಅದರ ಬುಡದಲ್ಲಿ ಒಂದು ಕ್ಲಿಪ್ಪು, ಹೆಬ್ಬೆರಳಿಗಿಂತ ದೊಡ್ಡದಲ್ಲ. ಅದು ಇದ್ದರೆ ಎಲ್ಲ ಇದ್ದಂತೆ.

ಇಷ್ಟೂ ನೆನಪಿನಲ್ಲಿ ಉಳಿಯಲೆಂದು ನಾನು ಯಾರ್ಡಿಗೆ ಒಂದು ಪದ್ಧತಿ ತಂದಿದ್ದೆ. ಒಬ್ಬ ಕೂಗುತ್ತಾನೆ: "ಕ್ಲಿಪ್ಪು?" ಇನ್ನೊಬ್ಬ ಬಗ್ಗಿ ಅದನ್ನು ಕೈಯಿಂದ ಮುಟ್ಟಿ ತಿರುಗಿ ಕೂಗುತ್ತಾನೆ: "ಕ್ಲಿಪ್ಪು ಹಾಕಿದೆ." 'ನೋಡಿದೆ' ಎಂಬ ಉತ್ತರ ನಡೆಯುವುದಿಲ್ಲ. ಕಣ್ಣು ತನಗೆ ಬೇಕಾದ್ದನ್ನು ನೋಡಿಕೊಳ್ಳುತ್ತದೆ, ಬೆರಳು ಹಾಗೆ ಮಾಡುವುದಿಲ್ಲ. ಎಂಟು ವರ್ಷ ಈ ಪದ್ಧತಿ ನಡೆಯಿತು. ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ.

ಆಮೇಲೆ ಆಕೆ ಬಂದಳು. ಹಾಸನದ ಕಡೆಯ ಹುಡುಗಿ, ಮೂವತ್ತೆರಡೋ ಮೂವತ್ಮೂರೋ, ಎಂಜಿನಿಯರಿಂಗ್ ಓದಿದವಳು. ಊರಿನ ಸ್ಯಾಟಲೈಟ್ ಬಡಾವಣೆಯಲ್ಲಿ ಫ್ಲ್ಯಾಟ್ ಹಿಡಿದು ಒಬ್ಬಳೇ ಇದ್ದಳು. ಕಂಪನಿಯ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯಾಗಿ ನೇಮಕವಾಗಿದ್ದಳು. ಕನ್ನಡದವಳೆಂದು ನನಗೆ ಮೊದಲ ವಾರ ಖುಷಿಯೇ ಆಯಿತು. ಎರಡು ತಿಂಗಳು ಯಾರ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ನಮ್ಮ ಕೂಗು, ಮರುಕೂಗು ಎಲ್ಲ ಬರೆದುಕೊಂಡಳು. ಅದನ್ನು ಚಿತ್ರ ಸಮೇತ ಗುಜರಾತಿ, ಹಿಂದಿಯಲ್ಲಿ ಒಂದು ಕಾರ್ಡು ಮಾಡಿ ಪ್ಲಾಸ್ಟಿಕ್ ಹಾಕಿಸಿ ಪ್ರತಿ ಕ್ಯಾಬಿನ್ನಿನಲ್ಲಿ ತೂಗುಹಾಕಿದಳು. ಕೊನೆಯಲ್ಲಿ ತನ್ನದೊಂದು ಸಾಲು ಸೇರಿಸಿದಳು: ಮೊದಲ ಕಿಲೋಮೀಟರಿಗೆ ನಿಲ್ಲಿಸಿ, ಮತ್ತೆ ಎಲ್ಲ ಮುಟ್ಟಿ.

ಹದಿನೈದು ದಿನ ಕಳೆಯುವುದರೊಳಗೆ ಡ್ರೈವರುಗಳು ಅದನ್ನು 'ಬೆನ್‌ನೀ ಸಿಸ್ಟಮ್' ಎನ್ನತೊಡಗಿದರು. ಬೆನ್ ಅಂದರೆ ಅಕ್ಕ. ಅಕ್ಕನ ಪದ್ಧತಿಯಂತೆ! ಕಾಕಾನ ಎಂಟು ವರ್ಷ ಎಲ್ಲಿ ಹೋಯಿತು? ಮಾಲೀಕರೂ ಹಾಗೇ ಕರೆದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಡಬ್ಬಿ ಹಾಗೇ ಮನೆಗೆ ಹೋಯಿತು.

ಹೆಂಡತಿ ಡಬ್ಬಿ ತೆಗೆದು ನೋಡಿ ನಕ್ಕಳು. "ಈ ವಯಸ್ಸಿನ್ಯಾಗ ಹೊಟ್ಟಿಕಿಚ್ಚು ಪಡ್ತಾರೇನ್ರಿ? ಮಗಳ ವಯಸ್ಸಿನಾಕಿ."

"ಹೊಟ್ಟಿಕಿಚ್ಚಲ್ಲ. ಶಿಸ್ತಿನ ಪ್ರಶ್ನೆ."

"ಶಿಸ್ತಿಗೆ ರೊಟ್ಟಿ ಏನ್ ಮಾಡಿತ್ರಿ ಪಾಪ?" ಎಂದು, ಮರುದಿನ ಆಕೆಗೂ ಸೇರಿಸಿ ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ನಾನೇ ಅದನ್ನು ಹೊತ್ತುಕೊಂಡು ಹೋಗಿ ಕೊಡಬೇಕಾಯಿತು. ಡ್ರೈವರುಗಳ ಮುಂದೆ ಆಕೆ ಅದನ್ನು ಹೊಗಳಿದ್ದೂ ನನಗೆ ಹಿಡಿಸಲಿಲ್ಲ.

ಅದೇ ಚಳಿಗಾಲದಲ್ಲಿ ಮಾಲೀಕರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಮೂರೂ ಯಾರ್ಡುಗಳ ಡ್ರೈವರುಗಳಿಗೆ ಈ ಕೆಲಸ ಕಲಿಸಲು ಒಬ್ಬರು ಶಿಕ್ಷಕರು ಬೇಕು. ನಿಮ್ಮಿಬ್ಬರಲ್ಲಿ ಯಾರು ಅನ್ನುವುದನ್ನು ಮುಂದಿನ ಕೆಲಸ ನೋಡಿ ನಿರ್ಧರಿಸುತ್ತೇನೆ. ನನಗೆ ಆ ಕೆಲಸ ಬೇಕಿತ್ತು. ಬೇರೇನನ್ನೂ ನಾನು ಆ ವರ್ಷ ಅಷ್ಟು ಬಯಸಿರಲಿಲ್ಲ. ಸೇನೆಯಲ್ಲಿ ಕಲಿತದ್ದನ್ನು ನಿಂತು ಹೇಳಿಕೊಡುವ ಅವಕಾಶ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಮುಂದಿನ ಕೆಲಸ ಬೇಗನೇ ಬಂತು. ಬಣ್ಣದ ಡ್ರಮ್ಮುಗಳನ್ನು ಸೂರತ್ತಿನ ಪಾಂಡೇಸರಾದ ಮಿಲ್ಲಿಗೆ ಒಯ್ಯುತ್ತಿದ್ದ ಹತ್ತು ಗಾಲಿಯ ಲಾರಿಯೊಂದು ವಡೋದರಾ ಯಾರ್ಡು ಮುಟ್ಟಿದ್ದೇ ಎಂಜಿನ್ ಕಚ್ಚಿಕೊಂಡು ನಿಂತಿತು. ಸರಕನ್ನು ಬೇರೆ ಗಾಡಿಗೆ ಹಾಕಿ ಕಳಿಸಿದ್ದಾಯಿತು. ಬದಲಿ ಎಂಜಿನ್ ಇದ್ದದ್ದು ಸೂರತ್ತಿನಲ್ಲಿ, ಆದ್ದರಿಂದ ಖಾಲಿ ಲಾರಿಯನ್ನು ಅಲ್ಲಿಗೇ ಎಳೆಯಬೇಕು. ಕಾರ್ಡು ಓದಿ ಕೂಗುವುದು ಆಕೆ, ಮುಟ್ಟಿ ಉತ್ತರಿಸುವುದು ನಾನು ಎಂದು ಮಾಲೀಕರೇ ಫೋನಿನಲ್ಲಿ ಹಂಚಿದರು. ತಾವು ಸೂರತ್ತಿಗೆ ಬಂದು ಕಾಯುವುದಾಗಿ ಹೇಳಿದರು.

ವಡೋದರಾ ಯಾರ್ಡಿನಲ್ಲಿ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆವು. ಕೆಟ್ಟ ಲಾರಿಯ ಡ್ರೈವರು, ಕಾಠಿಯಾವಾಡದ ಕಡೆಯ, ನಲವತ್ತರ ಆಸುಪಾಸಿನವನು, ಸ್ಟೇರಿಂಗ್ ಹಿಡಿಯಲು ಅದರಲ್ಲೇ ಕೂತು ಬರಬೇಕಾದವನು. ದಂಡದ ಪಿನ್ನುಗಳನ್ನು ಇಳಿಸಿದವನೂ ಅವನೇ.

"ದಿಮ್ಮಿ?" ಆಕೆ ಕೂಗಿದಳು. ಮುಟ್ಟಿ ಉತ್ತರಿಸಿದೆ. "ಶಾಫ್ಟು?" ಲಾರಿಯ ಅಡಿಗೆ ನುಗ್ಗಿ, ಬಿಚ್ಚಿದ ತುದಿ ಮುಟ್ಟಿದೆ. "ಗಾಳಿ ಪೈಪು?" ಮುಟ್ಟಿದೆ. "ಸರಪಳಿ?" ದಂಡ ಕಳಚಿದರೆ ಇರಲೆಂದು ಬಿಗಿದ ಎರಡನ್ನೂ ಎಳೆದು ನೋಡಿದೆ.

ಪ್ರತಿ ಸಲ ನಾನು ಬಗ್ಗಿದಾಗ ಆಕೆ ಕಾರ್ಡಿನ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದಳು. ನನ್ನ ಪ್ರಶ್ನೆಗಳನ್ನು ನನಗೇ ಕೇಳಿ, ನನ್ನ ಉತ್ತರಕ್ಕೆ ಅಂಕ ಹಾಕುತ್ತಿದ್ದಾಳೆ ಅನ್ನಿಸಿತು. ಸೊಂಟ ನೋಯುತ್ತಿತ್ತು, ಅದು ನಿಜ. ಆದರೆ ಕಾರಣ ಸೊಂಟವಲ್ಲ.

"ಹಿಂದಿನ ಪಿನ್ನಿನ ಕ್ಲಿಪ್ಪು?"

ಡ್ರೈವರು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೈಯಾಡಿಸಿದ್ದನ್ನು ನೋಡಿದ್ದೆ. ಇನ್ನೊಮ್ಮೆ ಆಕೆಯ ಮುಂದೆ ಬಗ್ಗಲು ಮನಸ್ಸಾಗಲಿಲ್ಲ. ನಿಂತಲ್ಲಿಂದಲೇ ಕೂಗಿದೆ: "ಹಾಕಿದೆ."

"ಮುಟ್ಟಿದ್ರಾ ಸರ್?"

"ಏನವ್ವಾ, ನನಗ ಕಲಿಸ್ತೀಯೇನು?"

ಆಕೆ ಗುರುತು ಹಾಕಿದಳು. ಡ್ರೈವರು ಕ್ಯಾಬಿನ್ ಹತ್ತುತ್ತಾ ಬಾಯಿಗೆ ಮಾವಾ, ಅಂದರೆ ತಂಬಾಕು ಬೆರೆಸಿದ ಅಡಿಕೆ, ಹಾಕಿಕೊಂಡು ನಕ್ಕ. "ಕಾಕಾ ಹೈ ತೋ ಟೆನ್ಶನ್ ನಹೀಂ, ಬೆನ್. ಅಪ್ಪನ ಮನೆಯಲ್ಲಿ ಮಲಗಿದ ಹಾಗೆ ಹೋಗುತ್ತೇನೆ," ಎಂದು ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ ಹೇಳಿದ.

ದಿಮ್ಮಿ ತೆಗೆದು ಹೊರಟೆವು. ಮುಂದಿನ ಲಾರಿಯಲ್ಲಿ ಅದರ ಡ್ರೈವರು, ಆಕೆ ಮತ್ತು ನಾನು. ಯಾರ್ಡಿನ ಹೊರಗಿನ ರಸ್ತೆ ಗುಂಡಿಗಳದ್ದೇ. ಒಂದು ಕಿಲೋಮೀಟರಿಗೆ ಆಕೆ, "ಭಾಯಿ, ಪಕ್ಕಕ್ಕೆ," ಎಂದಳು.

"ಇಷ್ಟಕ್ಕೇ ಹೆದರಿಕಿ ಆತೇನು? ಹೈವೇ ಇನ್ನೂ ಬಂದಿಲ್ಲ," ಎಂದೆ.

"ಕಾರ್ಡಲ್ಲಿದೆಯಲ್ಲ ಸರ್," ಎಂದು ಇಳಿದುಹೋದಳು. ಗಾಲಿಗೆ ದಿಮ್ಮಿ ಇಟ್ಟ ಸದ್ದು ಕೇಳಿಸಿತು. ನಾನು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಕೆಳಗೆ ಬಂದಳು. "ಸರ್, ಒಂದ್ನಿಮಿಷ ಬರ್ತೀರಾ?" ದನಿಯಲ್ಲಿ ಏನೂ ಇರಲಿಲ್ಲ.

ಹಿಂದಿನ ಪಿನ್ನು ಎರಡು ಬೆರಳು ಮೇಲೆದ್ದಿತ್ತು. ಕ್ಲಿಪ್ಪು ತನ್ನ ಸಣ್ಣ ತಂತಿಯಲ್ಲಿ ನೇತಾಡುತ್ತಿತ್ತು. ಡ್ರೈವರು ಹಾಕಿರಲಿಲ್ಲ, ನಾನು ಮುಟ್ಟಿರಲಿಲ್ಲ. ಸರಪಳಿ ಇತ್ತು ನಿಜ. ಆದರೆ ಇಳಿಜಾರಿನಲ್ಲಿ ದಂಡ ಕಳಚಿ ನೆಲಕ್ಕೆ ಚುಚ್ಚಿಕೊಂಡಿದ್ದರೆ ಸರಪಳಿ ಏನನ್ನು ಹಿಡಿಯುತ್ತಿತ್ತು? ಮೇಲೆ ಕ್ಯಾಬಿನ್ನಿನಿಂದ ಡ್ರೈವರು ತಲೆ ಹೊರಹಾಕಿದ. "ಶುಂ ಥಯುಂ, ಕಾಕಾ?" ಏನಾಯ್ತು ಎಂದು ಕೇಳುತ್ತಿದ್ದ. ಮಾವಾ ಇನ್ನೂ ಬಾಯಲ್ಲಿತ್ತು.

ಆಕೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ನೀವೇ ಹಾಕಿಬಿಡಿ ಸರ್."

ಪಿನ್ನು ಒತ್ತಿ ಇಳಿಸಿ, ಕ್ಲಿಪ್ಪು ಹಾಕಿ, ಮುಟ್ಟಿ, "ಕ್ಲಿಪ್ಪು ಹಾಕಿದೆ," ಎಂದೆ. ಆಕೆ ತಾನೂ ಬಗ್ಗಿ ಮುಟ್ಟಿದಳು. ಅದು ಕಾರ್ಡಿನಲ್ಲಿರಲಿಲ್ಲ.

ಸೂರತ್ತಿನವರೆಗೆ ನಿಧಾನವಾಗಿ ಹೋದೆವು. ಗಂಟೆಗೆ ಮೂವತ್ತು ಮೀರಲಿಲ್ಲ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಆಕೆ ನನ್ನ ಹೆಂಡತಿಯ ಚಟ್ನಿ ತೆಗೆದು ಎಲ್ಲರಿಗೂ ಹಂಚಿದಳು. ಗೆದ್ದವಳಂತೆ ಒಂದು ನೋಟವನ್ನಾದರೂ ನನ್ನತ್ತ ಬೀರುತ್ತಾಳೆಂದು ಕಾದೆ. ಬೀರಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಪಾಂಡೇಸರಾ ಹತ್ತಿರದ ಯಾರ್ಡು ಸೇರಿದಾಗ ಮಧ್ಯಾಹ್ನ. ಮಾಲೀಕರು ಗೇಟಿನಲ್ಲೇ ಇದ್ದರು. ದಾರಿ ಹೇಗಿತ್ತು ಎಂದು ಕೇಳಿದರು. ಆಕೆ ಕಾರ್ಡು ಕೊಟ್ಟು, "ಒಂದ್ಕಡೆ ನಿಲ್ಸಿ ಸರಿ ಮಾಡ್ಕೊಂಡ್ವಿ, ಅಷ್ಟೇ," ಎಂದು ಹಿಂದಿಯಲ್ಲಿ ಹೇಳಿ, ನಾನು ಕೇಳಲೆಂದು ಕನ್ನಡದಲ್ಲೂ ಹೇಳಿದಳು.

ಒಂದು ಮಾತಿನಲ್ಲಿ ನನ್ನನ್ನು ಉಳಿಸಿಬಿಟ್ಟಿದ್ದಳು. ನಾನು ಸುಮ್ಮನಿದ್ದಿದ್ದರೆ ಕೆಲಸ ನನಗೇ ಬರುತ್ತಿತ್ತೋ ಏನೋ, ಅನುಭವ ನನ್ನದು ಹೆಚ್ಚು. ಆದರೆ ಆ ಕೆಲಸವೂ ಆಕೆ ಕೊಟ್ಟದ್ದಾಗುತ್ತಿತ್ತು. ಪದ್ಧತಿ ಆಕೆಯದಾಯಿತು, ಡ್ರೈವರುಗಳು ಆಕೆಯವರಾದರು, ದೊಡ್ಡ ಮನಸ್ಸೂ ಆಕೆಯದೇ ಆಗಬೇಕೇ? ಅದೊಂದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

"ಮುಟ್ಟದೆ ಹಾಕಿದೆ ಅಂದವನು ನಾನು," ಎಂದು ಮಾಲೀಕರಿಗೆ ಹೇಳಿದೆ. ಎಲ್ಲಿ ನಿಂತಿದ್ದೆ, ಪಿನ್ನು ಎಷ್ಟು ಎದ್ದಿತ್ತು ಎಲ್ಲವನ್ನೂ ಹೇಳಿದೆ. ಡ್ರೈವರು ಪಕ್ಕದಲ್ಲೇ ಇದ್ದ. ಮಾವಾ ಉಗಿದು ಬಂದು ನನ್ನ ಮುಖ ನೋಡಿದ. "ಕಾಕಾ, ತಮೇ?" ಎಂದ. ನೀವಾ ಎಂದು. ಅಷ್ಟೇ ಹೇಳಿ ಹೋದ.

ಶಿಕ್ಷಕಿಯ ಕೆಲಸ ಆಕೆಗೆ ಹೋಯಿತು. ಈಗ ತಿಂಗಳಿಗೊಮ್ಮೆ ಮೂರೂ ಯಾರ್ಡುಗಳಲ್ಲಿ ಪಾಠ ನಡೆಯುತ್ತದೆ. ನರೋಡಾದ ಮೊದಲ ಪಾಠಕ್ಕೆ ನಾನು ಹತ್ತು ನಿಮಿಷ ಮುಂಚೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆಕೆ ಕ್ಲಿಪ್ಪಿನ ಸಂಗತಿಗೆ ಬಂದಾಗ ಹೆಸರು ಹೇಳದೆ, "ಒಬ್ಬರು ಬಹಳ ಅನುಭವಿಗಳು," ಎಂದು ಶುರು ಮಾಡಿದಳು. ಯಾರೋ ಒಬ್ಬ, "ಯಾವನು ಬೆನ್ ಆ ಗಧೇಡೋ?" ಎಂದು ಕತ್ತೆಗೆ ಹೋಲಿಸಿ ನಗಿಸಿದ.

ನಗು ನಿಂತ ಮೇಲೆ ಆಕೆ, ಪಿನ್ನು ಒಂದು ಬೆರಳು ಎದ್ದಿತ್ತು ಎಂದಳು. ಎದ್ದದ್ದು ಎರಡು ಬೆರಳು, ಒಂದಲ್ಲ. ನನ್ನ ತಪ್ಪನ್ನೂ ಆಕೆಯೇ ಹೇಳುವುದು, ಅದೂ ಅಳತೆ ತಪ್ಪಿ ಹೇಳುವುದು ನನ್ನಿಂದ ಸಹಿಸಲಾಗಲಿಲ್ಲ. ಎದ್ದು ನಿಂತೆ.

"ಆ ಗಧೇಡೋ ನಾನೇ. ದಂಡ ತಗೊಂಡ್ ಬಾ ಇಲ್ಲಿ," ಎಂದು ನಗಿಸಿದವನಿಗೆ ಹೇಳಿದೆ.

ಆಕೆ ಪೆನ್ನು ಕೆಳಗಿಟ್ಟು ಬೆಂಚಿನಲ್ಲಿ ನನ್ನ ಜಾಗಕ್ಕೆ ಹೋಗಿ ಕೂತಳು. ಅಂದಿನಿಂದ ಪಾಠದಲ್ಲಿ ಕ್ಲಿಪ್ಪಿನ ಹತ್ತು ನಿಮಿಷ ನನ್ನದು. ಉಳಿದ ಎರಡು ಗಂಟೆ ಆಕೆಯದು. ಆ ಎರಡು ಗಂಟೆ ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿರುತ್ತೇನೆ.