ಬ್ರೌಸರ್ ಮುನಿದರೆ ಎವುಸೇಬಿಯಾ ಇದ್ದಾರೆ

ಬೆಳಗಿನ ಆರೂ ಕಾಲು. ಬೆಟ್ಟದೆತ್ತರದ ಚಳಿಯೂರು ಎಲ್ ಆಲ್ಟೊದ ಉಣ್ಣೆ ವ್ಯಾಪಾರಿಗಳ ಸಂಘದ ಕೋಣೆಯಲ್ಲಿ ಎವುಸೇಬಿಯಾ ಚಾಂಬಿ ಶಾಲು ಬಿಗಿದುಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಬೆರಳುಗಳು ಚಳಿಗೆ ಮರಗಟ್ಟಿವೆ. ನೇರಳೆ ಜೋಳದ ಪಾನೀಯ ಆಪಿ ತುಂಬಿದ ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಬೆರಳುಗಳು ಮಾತು ಕೇಳುತ್ತವೆ ಅನ್ನಿಸಿದ ಮೇಲಷ್ಟೇ ಕೀಲಿಮಣೆ ಮುಟ್ಟುತ್ತಾರೆ. ಪಕ್ಕದ ಬೆಂಚಿನಲ್ಲಿ ಊರವರು ಗೌರವದಿಂದ ದೋನ್ಯಾ ಎನ್ನುವ ಅರವತ್ತಾರರ ಫೋರ್ತುನಾತಾ ಗುರುತಿನ ಚೀಟಿಯನ್ನು ಎದೆಗವಚಿಕೊಂಡು ಕಾಯುತ್ತಿದ್ದಾರೆ.

ಫೋರ್ತುನಾತಾ ಸ್ವೆಟರ್ ಹೆಣೆದು ಬದುಕುವವರು. ಎರಡೂ ಕಣ್ಣಿಗೆ ಪೊರೆ ಬಂದು ಈಗ ಕೆಂಪು ನೂಲಿಗೂ ಕಂದು ನೂಲಿಗೂ ವ್ಯತ್ಯಾಸ ಕಾಣುತ್ತಿಲ್ಲ. ಊರಿಗೆ ಬಂದಿರುವ ಕಣ್ಣಿನ ವೈದ್ಯರ ತಂಡ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟುತ್ತದೆ. ಶಸ್ತ್ರಚಿಕಿತ್ಸೆಗೆ ಹೆಸರು ಬರೆಸುವುದು ವೆಬ್ ಪುಟದಲ್ಲಿ ಮಾತ್ರ. ಸೋಮವಾರ ಏಳಕ್ಕೆ ಸರಿಯಾಗಿ ತೆರೆಯುತ್ತದೆ, ಇರುವುದು ಹನ್ನೆರಡು ಸರದಿ, ಐದು ನಿಮಿಷದಲ್ಲಿ ಎಲ್ಲ ಖಾಲಿ. ಎರಡು ಸೋಮವಾರ ಕೈತಪ್ಪಿಹೋಗಿದೆ. ಇಂದಿನದು ಕೊನೆಯದು.

ಆದರೆ ಬ್ರೌಸರ್ ಹಟ ಹಿಡಿದಿದೆ. ಶನಿವಾರ ಸಂಘದ ನಾಲ್ಕೂ ಕಂಪ್ಯೂಟರುಗಳಿಗೆ ಅಪ್‌ಡೇಟ್ ಬಂದಿತ್ತು. ಇವತ್ತು ಆಸ್ಪತ್ರೆಯ ಪುಟ ಗುರುತಿನ ಸಂಖ್ಯೆ ಕೇಳುತ್ತದೆ, ಒಳಗೆ ಬಿಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆ ದಬ್ಬುತ್ತದೆ: 'ನಿಮ್ಮ ಅವಧಿ ಮುಗಿದಿದೆ.'

"ಅಪ್‌ಡೇಟ್ ಅಂದ್ರೆ ಹಂಗೇ ಕಣಮ್ಮಾ," ಎಂದು ಎವುಸೇಬಿಯಾ ಸಮಾಧಾನ ಹೇಳುತ್ತಾರೆ. "ಮನೆ ಗುಡಿಸೋಕೆ ಬಂದವ್ಳು ಪಾತ್ರೆಗಳ ಜಾಗ ಬದಲಾಯಿಸಿ ಹೋದಂಗೆ. ಪಾತ್ರೆ ಎಲ್ಲೂ ಹೋಗಿರಲ್ಲ, ಹುಡುಕ್ಬೇಕು ಅಷ್ಟೆ."

ಹುಡುಕುವುದೇ ಅವರ ಕಸುಬು. ವಯಸ್ಸು ಐವತ್ತೆರಡು. ಹತ್ತೊಂಬತ್ತನೆಯ ವಯಸ್ಸಿನಿಂದ ಇಪ್ಪತ್ತೆರಡು ವರ್ಷಗಳ ಕಾಲ ನ್ಯಾಯಾಲಯದ ಮುಂದಿನ ಪಾದಚಾರಿ ಹಾದಿಯಲ್ಲಿ ಬೆರಳಚ್ಚು ಯಂತ್ರ ಇಟ್ಟುಕೊಂಡು ಮಂದಿಯ ಅರ್ಜಿ ಹೊಡೆದುಕೊಟ್ಟವರು. ಮಿನಿಬಸ್ ಓಡಿಸುತ್ತಿದ್ದ ಗಂಡ ತೀರಿಕೊಂಡ ವರ್ಷವೇ ಅರ್ಜಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕಿತ್ತು. ಇಂಟರ್‌ನೆಟ್ ಅಂಗಡಿಯೊಂದರ ನೆಲ ಒರೆಸುತ್ತ, ಅದಕ್ಕೆ ಬದಲಾಗಿ ದಿನಕ್ಕೊಂದು ಗಂಟೆ ಯಂತ್ರದ ಮುಂದೆ ಕೂತು ಕಲಿತರು. "ನೆರಿಗೆ ಲಂಗ ಉಟ್ಟವ್ಳಿಗೆ ಕಂಪ್ಯೂಟರಾ ಅಂತ ನಗ್ತಿದ್ರು. ನಕ್ಕವ್ರೇ ಈಗ ಪಾಸ್‌ವರ್ಡ್ ಮರ್ತು ಬಂದು ಬಾಗ್ಲಲ್ಲಿ ನಿಂತಿರ್ತಾರೆ," ಎನ್ನುವಾಗ ಅವರ ತುಟಿಯಂಚಿನಲ್ಲಿ ನಗು.

ಈಗ ಸಂಘದ ಯಂತ್ರಗಳನ್ನು ನೋಡಿಕೊಳ್ಳುವುದು ಅವರೇ. ದಿನಕ್ಕೆ ಮೂವತ್ತು, ಮೂವತ್ತೈದು ಜನ ಬರುತ್ತಾರೆ. ಅರ್ಧದಷ್ಟು ಜನರ ಕಾಯಿಲೆ ಬ್ರೌಸರಿನದು. ಎವುಸೇಬಿಯಾ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾರೆ, ಮಾಡುವ ಮೊದಲು ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಈಗ ನಡೆಯುತ್ತಿರುವುದು ಹದಿನೇಳನೆಯ ಪುಸ್ತಕ. "ಎರಡು ಕಡೆ ಒಟ್ಟಿಗೆ ತಿದ್ದಿದ್ರೆ ಯಾವುದ್ರಿಂದ ಸರಿ ಹೋಯ್ತು ಅಂತ ದೇವ್ರಿಗೂ ಗೊತ್ತಾಗಲ್ಲ."

ಇವತ್ತೂ ಅದೇ ಕ್ರಮ. ಬ್ರೌಸರಿನಲ್ಲಿ ಉಳಿದಿದ್ದ ಹಳೆಯ ಸಂಗ್ರಹ ಅಳಿಸಿದರು, ಮತ್ತೆ ಹೊರಗೆ. ಹಿಂದಿನದೇನನ್ನೂ ನೆನಪಿಡದ ಖಾಸಗಿ ಕಿಟಕಿ ತೆರೆದರು, ಹೊರಗೆ. ಯಂತ್ರದಲ್ಲಿದ್ದ ಇನ್ನೊಂದು ಬ್ರೌಸರ್. ಅದೂ ಹೊರಗೆ ತಳ್ಳಿತು. ಪಕ್ಕದ ಯಂತ್ರದಲ್ಲೂ ಇದೇ ಹಾಡು. ಹೊತ್ತು ಜಾರುತ್ತಿದೆ.

ಸಂಘದ ಕಾರ್ಯದರ್ಶಿ ದೋನ್ ರೋಮುಲೊ ಬಾಗಿಲಲ್ಲಿ ನಿಂತು ತಮ್ಮ ತೀರ್ಪು ಕೊಡುತ್ತಾರೆ: "ಶುಕ್ರವಾರ ಯಂತ್ರಕ್ಕೆ ಮದ್ಯ ಚಿಮುಕ್ಸಿ ಭೂಮಿತಾಯಿಗೆ ಕೈ ಮುಗೀಲಿಲ್ಲ ನೀನು. ಅದಕ್ಕೇ ಹಿಂಗೆ."

"ಹೋದ ಕಾರ್ನಿವಲ್‌ನಲ್ಲಿ ಕೀಲಿಮಣೆಗೆ ಬಿಯರ್ ಕುಡಿಸಿದ್ದು ನೀವೇ ಅಲ್ವಾ ದೋನ್ ರೋಮುಲೊ? ಇನ್ನೂ ಎರಡು ಗುಂಡಿ ಅಮಲಲ್ಲೇ ಇದಾವೆ."

ಫೋರ್ತುನಾತಾ ನಗಲಿಲ್ಲ. "ಆಗಲ್ಲ ಅಂದ್ರೆ ಹೇಳ್ಬಿಡೆ ತಾಯಿ, ಎದ್ದು ಹೋಗ್ತೀನಿ," ಎಂದರು ಮೆಲ್ಲಗೆ. ಆ ಮಾತು ಎವುಸೇಬಿಯಾರಿಗೆ ಚುಚ್ಚಿತು. ಅವರು ಪರದೆಯ ಮೇಲಿನ ಸಾಲನ್ನು ಮೊದಲ ಸಲ ಓದುವವರಂತೆ ಗಟ್ಟಿಯಾಗಿ ಓದಿದರು.

"ಅವಧಿ ಮುಗಿದಿದೆ ಅಂತೆ. ಒಳಗೆ ಕಾಲಿಟ್ಟು ಒಂದು ಕ್ಷಣ ಆಗಿಲ್ಲ, ಅದು ಹೆಂಗೆ ಮುಗಿಯತ್ತೆ? ಈ ಮುಂಡೇದರ ಪ್ರಕಾರ ಈಗ ಎಷ್ಟು ಗಂಟೆ?"

ಪರದೆಯ ಮೂಲೆಯಲ್ಲಿ ಏಳೂ ಮೂವತ್ತು. ಅವರ ಹಳೆಯ ಗುಂಡಿ ಫೋನಿನಲ್ಲಿ ಆರೂ ಐವತ್ತು. ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. ಅಲ್ಲೂ ಏಳೂ ಮೂವತ್ತೇ. ಆ ಗಡಿಯಾರದ ಗುಟ್ಟು ಎಲ್ಲರಿಗೂ ಗೊತ್ತು. ಸಭೆಗೆ ತಡವಾಗಿ ಬಂದವರಿಗೆ ದಂಡ ಹಾಕುವ ಸಂಘವಿದು. ದಂಡ ಹಾಕಿ ಹಾಕಿ ಸೋತ ರೋಮುಲೊ ಅದನ್ನು ನಲವತ್ತು ನಿಮಿಷ ಮುಂದಕ್ಕೆ ತಿರುಗಿಸಿ ವರ್ಷಗಳೇ ಆಗಿವೆ. ಆದರೆ ಕಂಪ್ಯೂಟರಿನ ಗಡಿಯಾರ ಎಂದೂ ಸುಳ್ಳಾಡಿದ್ದಿಲ್ಲ.

"ಇದನ್ನ ಮುಟ್ಟಿದ್ದು ಯಾರು?"

ರೋಮುಲೊ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅಪ್‌ಡೇಟ್ ಆದ್ಮೇಲೆ ಗಂಟೆ ದಪ್ಪದಪ್ಪ ಅಕ್ಷರದಲ್ಲಿ ಕಾಣೋಕೆ ಶುರುವಾಯ್ತು. ನಿನ್ನೆ ಸಭೆಗೆ ತಡವಾಗಿ ಬಂದವ್ರು ಅದನ್ನೇ ತೋರ್ಸಿ, ನಾವು ತಡ ಆಗಿಲ್ಲ, ದಂಡ ಕಟ್ಟಲ್ಲ ಅಂದ್ರು. ಅದಕ್ಕೆ ನಾಲ್ಕನ್ನೂ ಗೋಡೆ ಗಡಿಯಾರಕ್ಕೆ ಸರಿ ಮಾಡ್ದೆ."

ಒಳಗೆ ಬಂದವರಿಗೆ ಆಸ್ಪತ್ರೆಯ ಪುಟ ಕೊಡುವುದು ಅರ್ಧ ಗಂಟೆಯ ಅವಧಿ, ಯಂತ್ರವೋ ನಲವತ್ತು ನಿಮಿಷ ಮುಂದೆ. ಒಳಗೆ ಬಂದವರ ಹೊತ್ತು ಬರುವ ಮೊದಲೇ ಮೀರಿರುತ್ತಿತ್ತು. ಪಾಪ, ಬ್ರೌಸರ್ ನಿರಪರಾಧಿ, ಅಪ್‌ಡೇಟೂ ನಿರಪರಾಧಿ. ಎವುಸೇಬಿಯಾ ನೋಟುಪುಸ್ತಕದಲ್ಲಿ ಒಂದು ಸಾಲು ಬರೆದು, ಗಡಿಯಾರವನ್ನು ಸರಿಪಡಿಸಿದರು. ಪುಟ ತೆರೆಯಿತು, ತೆರೆದೇ ಇತ್ತು.

"ಸಭೆಗೆ ಯಾರೂ ಬರಲ್ಲ ನೋಡ್ತಿರು," ರೋಮುಲೊ ಗೊಣಗಿದರು.

"ಗೋಡೆ ಗಡಿಯಾರ ಬೇಕಾದಷ್ಟು ಸುಳ್ಳು ಹೇಳ್ಲಿ, ಅದು ನಿಮ್ದು. ಯಂತ್ರಕ್ಕೆ ಕೈ ಹಾಕಿದ್ರೆ ಮಾತ್ರ ದಂಡ ನಿಮ್ಗೆ."

ಏಳಕ್ಕೆ ಸರಿಯಾಗಿ ಪುಟದಲ್ಲಿ ಹೆಸರು ಬರೆಸುವ ಗುಂಡಿ ಹಸಿರಾಯಿತು. ಎವುಸೇಬಿಯಾರ ಬೆರಳು ಹಳೆಯ ಬೆರಳಚ್ಚಿನ ವೇಗದಲ್ಲಿ ಓಡಿತು. ಏಳೂ ಎರಡಕ್ಕೆ ಮುದ್ರಣಯಂತ್ರ ಒಂದು ಹಾಳೆ ಉಗುಳಿತು: ಹನ್ನೆರಡರಲ್ಲಿ ಒಂಬತ್ತನೆಯ ಸರದಿ, ಗುರುವಾರ, ಬಲಗಣ್ಣು. ಏಳೂ ನಾಲ್ಕಕ್ಕೆ ಪುಟದಲ್ಲಿ ಜಾಗ ಮುಗಿದಿತ್ತು.

ಫೋರ್ತುನಾತಾ ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಓದಲು ನೋಡಿದರು, ಆಗಲಿಲ್ಲ. ಎವುಸೇಬಿಯಾ ಮೂರು ಸಲ ಓದಿ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಆ ಹಿರಿಯ ಜೀವ ಬಾಯಿಗೆ ಶಾಲು ಒತ್ತಿಕೊಂಡು ಅತ್ತೇಬಿಟ್ಟಿತು. ನೋಡುತ್ತಿದ್ದ ರೋಮುಲೊ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೊರಗೆ ನಡೆದರು.

ಬಾಗಿಲಲ್ಲಿ ಆಗಲೇ ಐದಾರು ಜನ. ಇಷ್ಟೆಲ್ಲ ಮಾಡುವ ನಿಮಗೆ ಏನಾಗಬೇಕು ಎಂದು ಕೇಳಿದರೆ ಎವುಸೇಬಿಯಾ ಹೊಸ ಕುರ್ಚಿಯನ್ನೂ ಕೇಳುವುದಿಲ್ಲ, ಸನ್ಮಾನವನ್ನೂ ಕೇಳುವುದಿಲ್ಲ. ಹೊಸ್ತಿಲು ದಾಟುತ್ತಿರುವ ಫೋರ್ತುನಾತಾ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

"ವೈದ್ಯರು ಇನ್ನೊಂದ್ಸಲ ಊರಿಗೆ ಬಂದಾಗ ಎಡಗಣ್ಣಿನ ಚೀಟಿ ಬರತ್ತಲ್ಲ, ಅದನ್ನ ಆಯಮ್ಮ ತಾನೇ ಓದ್ಕೋಬೇಕು. ನನ್ನ ಹತ್ರ ಬರೋರಲ್ಲಿ ಒಬ್ರು ಕಮ್ಮಿ ಆಗ್ಲಿ. ಅಷ್ಟು ಸಾಕು ನಂಗೆ."