ಎಡಕ್ಕೆ ವಾಲಿದ ತಲೆಗಳು

ನಾನು ವಾಣಿಗೆ ಸುಳ್ಳು ಹೇಳಿದೆ. ಅದಕ್ಕೆ ಬೆಲೆ ತೆತ್ತವಳು ಅವಳೇ — ತನ್ನ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆ ಹೋಯಿತು. ಕಾರಣ ಇಷ್ಟೇ: ನಮ್ಮ ತ್ರೀಡಿ ಸಿನಿಮಾದಲ್ಲಿ ಹಂಚುಗಳು ಹಾರಿ ಪ್ರೇಕ್ಷಕರ ಮುಖಕ್ಕೇ ಬರುತ್ತವೆ ಎಂದು ಥಿಯೇಟರಿನವರಿಗೆ ನಾನು ಮೊದಲೇ ಮಾತು ಕೊಟ್ಟಾಗಿತ್ತು.

ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಮೇಲೆ ಬಂದವ ನಾನು. ವಾಣಿ ಕುಲಶೇಖರದ ಅರ್ಚಕರ ಮಗಳು, ತ್ರೀಡಿಯ ಹುಚ್ಚಿ. ನಮ್ಮ ತುಳು ಸಿನಿಮಾಕ್ಕೆ ಅವಳು ನಿರ್ದೇಶಕಿ, ನಾನು ನಿರ್ಮಾಪಕ. ಕೂಳೂರಿನ ಹತ್ತಿರ, ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ ಅವಳೊಂದು ದೃಶ್ಯ ತೆಗೆದಿದ್ದಳು. ಅದರಲ್ಲಿ ಮಗಳೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ಹಂಚಿನ ಸಾಲುಗಳು ಪರದೆಯ ಒಳಗೊಳಗೆ ಹೋಗುತ್ತವೆ. ತುದಿಯಲ್ಲಿ, ಕಂಬವೊಂದರ ಹಿಂದೆ, ಅವಳನ್ನು ಬಿಟ್ಟುಹೋದ ತಾಯಿಯ ಅರ್ಧ ಮುಖ. ಏನೂ ಹಾರುವುದಿಲ್ಲ.

"ಇದರಲ್ಲಿ ಎಂತ ಉಂಟು ಮಾರಾಯ್ತಿ? ಕನ್ನಡಕ ಹಾಕಿ ಕಂಬ ನೋಡ್ಲಿಕ್ಕಾ?"

"ಎಸೆದ್ರೆ ಜನ ಹಿಂದೆ ಸರೀತಾರೆ ಶೆಟ್ರೇ. ನನಗೆ ಅವರು ಒಳಗೆ ಬರ್ಬೇಕು. ಒಮ್ಮೆ ತೋರಿಸಿ ನೋಡುವ."

ತೋರಿಸಿದೆವು — ಪಡೀಲಿನ ನಮ್ಮ ನೆರೆಕರೆಯ ಮೂವತ್ತು ಜನರಿಗೆ, ನನ್ನ ದೊಡ್ಡಮ್ಮನೂ ಸೇರಿ. ವಾಣಿ ಹೆದರಿ ಹೊರಗೇ ನಿಂತಳು. ನಾನು ಕೊನೆಯ ಸಾಲಿನಲ್ಲಿ. ಆ ದೃಶ್ಯ ಬಂತು. ಎಲ್ಲ ತಲೆಗಳೂ ನಿಧಾನವಾಗಿ ಎಡಕ್ಕೆ ವಾಲಿದವು — ಕಂಬದ ಆಚೆ ಇಣುಕಲು! ಅದು ಬರೀ ಪರದೆ ಎಂಬುದನ್ನೇ ಮರೆತು... "ಇತ್ಲಾಗಿ ಬಾ ಮಾರಾಯ್ತಿ, ಮಗಳು ಬಂದಿದ್ದಾಳೆ" ಎಂದು ದೊಡ್ಡಮ್ಮ ಪರದೆಗೇ ಗದರಿದಳು. ನನ್ನ ಕತ್ತೂ — ಹೌದು, ನನ್ನದೂ ವಾಲಿತ್ತು.

ಹೊರಗೆ ಬಂದು ಹೇಳಿದೆ: "ಬೋರಂತೆ. ಯಾರೂ ಸರಿ ನೋಡ್ಲೇ ಇಲ್ಲ."

"ಹೌದಾ" ಎಂದಳು. ಆ ದೃಶ್ಯವನ್ನು ತಾನೇ ಕತ್ತರಿಸಿ ಹಂಚು ಎಸೆಸಿದಳು. ಥಿಯೇಟರಿನಲ್ಲಿ ಹಂಚು ಬಂದಾಗ ಜನ ಕಣ್ಣು ಮುಚ್ಚಿದರು, ನಕ್ಕರು, ಮನೆಗೆ ಹೋದರು.

ಮೊನ್ನೆ ಹೊಸ ಕತೆ ಹಿಡಿದು ಬಂದಿದ್ದಳು. ಈಗಲೂ ನನ್ನ ತಟ್ಟೆಯಿಂದಲೇ ಬನ್ಸ್ ಮುರಿದು ತಿನ್ನುವವಳು. "ಈ ಸಲ ಮೊದಲ ಶಾಟಿನಿಂದಲೇ ಎಸೀತೇನೆ ಶೆಟ್ರೇ. ಜನ ನನಗೆ ಅರ್ಥ ಆಗುದಿಲ್ಲ, ನಿಮಗೆ ಆಗ್ತದೆ" ಎಂದು ನಗುತ್ತಲೇ ಹೇಳಿದಳು. ನನಗೆ ನಗಲಿಕ್ಕೆ ಆಗಲಿಲ್ಲ.

ವಾಣಿ, ನಿನಗೆ ಜನ ಅರ್ಥವಾಗಿದ್ದರು. ಮೂವತ್ತೂ ತಲೆಗಳು ವಾಲಿದ್ದವು. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ನಿನ್ನ ಮನೆಗೆ ಬಂದು ಬಾಯಾರೆ ಹೇಳುತ್ತೇನೆ. ನೀನು ಎಷ್ಟು ಬೈದರೂ ನಿಂತು ಕೇಳುತ್ತೇನೆ.

ಇನ್ನು ಸಿನಿಮಾಕ್ಕೆ ಕೈ ಹಾಕುವ ನಿಮಗೊಂದು ಮಾತು. ತೆಗೆದದ್ದನ್ನು ಜನರಿಗೆ ತೋರಿಸುವಾಗ ಪರದೆಗೆ ಬೆನ್ನು ಹಾಕಿ ಕುಳಿತು ಅವರ ಕತ್ತುಗಳನ್ನು ನೋಡಿ. ದೃಶ್ಯ ತೆಗೆದವರನ್ನು ಹೊರಗೆ ನಿಲ್ಲಲು ಬಿಡಬೇಡಿ. ಹೆದರಿದರೆ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಳ್ಳಿ. ಅವರೇ ನೋಡಲಿ.