ಹೊಟ್ಟೆಯನ್ನೇ ಪ್ರಶ್ನೆ ಕೇಳಿದ ಈರಪ್ಪ ಕಾಕಾ

ಈರಪ್ಪ ಕಾಕಾ ಚಹಾವನ್ನೂ ನಿಂತೇ ಕುಡಿಯುತ್ತಿದ್ದರು. ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುವರೇ ಹೊರತು ಕೂರುವವರಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ಅವರ ಕೆಲಸ, ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ. ಜೇಬಿನಲ್ಲಿ ಬೀಡಿಯಿಲ್ಲ, ಎಲೆಯಡಿಕೆಯಿಲ್ಲ, ನೀಲಿ ಲಿಟ್ಮಸ್ ಕಾಗದದ ಪುಟ್ಟ ಕಟ್ಟು. ನಮ್ಮವ್ವ ಮಜ್ಜಿಗೆ ಕೊಟ್ಟರೂ ಒಂದು ಚೂರು ಅದ್ದಿ, ಕೆಂಪಾದದ್ದನ್ನು ಬೆಳಕಿಗೆ ಹಿಡಿದು, ಆಮೇಲೆ ಕುಡಿಯುವರು.

"ನನ್ನ ಮಜ್ಜಿಗಿ ಮ್ಯಾಲ ಸಂಶೇನ್ರಿ ನಿಮಗ?" ಎಂದು ಅವ್ವ ರೇಗಿದರೆ, "ಸಂಶೆ ಅಲ್ರಿ ವೈನಿ, ಪರಿಚಯ" ಎನ್ನುತ್ತಿದ್ದರು.

ನಾನಾಗ ಏಳನೆಯ ಇಯತ್ತೆ. ಒಂದು ಮುಂಜಾನೆ ಕಾಕಾ ಹಿತ್ತಲಲ್ಲಿ ವಾಂತಿ ಮಾಡಿಕೊಂಡರು. ಹೆಂಡತಿ ಶಾಂತಾ ಕಾಕು ನೀರಿನ ತಂಬಿಗೆ ಹಿಡಿದು ನಿಂತಿದ್ದರೆ, ಇವರು ಬಾಯಿ ತೊಳೆಯುವ ಮೊದಲೇ ಜೇಬಿಗೆ ಕೈಹಾಕಿದರು. ಕಾಗದ ಕೆಂಪಾಯಿತು. ಬೇಲಿಯಾಚೆ ನಿಂತಿದ್ದ ನನಗೆ ಅದನ್ನು ತೋರಿಸಿ, "ನೋಡ ತಂಗಿ, ಹೊಟ್ಟ್ಯಾಗಿನ ಆಸಿಡ್!" ಎಂದರು.

"ಮತ್ತ ಕಾಕಾ, ಉಂಡಿದ್ದನ್ನ ಕರಗಸೂ ಆಸಿಡ್ಡು ಹೊಟ್ಟೀನ ಯಾಕ ಕರಗಸೂದಿಲ್ಲ?"

ಕಾಕಾ ತಂಬಿಗೆ ಇಸಿದುಕೊಂಡು ಬಾಯಿ ತೊಳೆದು, "ಕೇಳಿ ಹೇಳತೇನಿ" ಎಂದರು. ಆ ವಾರವೆಲ್ಲ ಅಂಗಳದಲ್ಲಿ ಶತಪಥ ಹಾಕಿದರು. ರವಿವಾರ ಬಸ್ಸು ಹತ್ತಿ ಹಳಿಯಾಳಕ್ಕೆ ಹೋಗಿ, ಅಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದ ಗೆಳೆಯನನ್ನು ಕೇಳಿಕೊಂಡು ಬಂದರು. ಸಂಜೆ ರಸ್ತೆಯಿಂದಲೇ ಕೂಗು:

"ತಂಗಿ, ಹೊಟ್ಟಿ ಒಳಗ ಲೋಳಿ ಬಳಕೊಂಡಿರತೈತಿ! ಆ ಲೋಳ್ಯಾಗ ಸೋಡಾದಂಥಾದ್ದು ಇರತೈತಿ. ಆಸಿಡ್ ಹೊಟ್ಟಿ ಗ್ವಾಡಿ ಮುಟ್ಟೂದ್ರಾಗ ಅದರ ಸೊಕ್ಕು ಇಳದಿರತೈತಿ. ಅಷ್ಟಾಗೂ ಸವದ್ರ, ನಾಕೈದು ದಿನದಾಗ ಮ್ಯಾಲಿನ ಪದರ ಹೊಸಾದು ಬರತೈತಿ."

ಒಳಗೆ ಅವ್ವ ಒಗ್ಗರಣೆ ಹಾಕಿದಳು. ಕಾಕಾ ಮೂಗರಳಿಸಿ, "ಇಗಾ, ವಾಸನಿ ಬಂತಲ್ಲ, ನನ್ನ ಹೊಟ್ಟ್ಯಾಗ ಆಸಿಡ್ ಸುರು ಆತು. ತುತ್ತು ಬರೂತನಕಾ ಅದು ಕಾಯೂದಿಲ್ಲ" ಎಂದರು. ಅವ್ವ ಕರೆದು ರೊಟ್ಟಿ ಕೊಟ್ಟಳು. ಅದನ್ನೂ ನಿಂತೇ ತಿಂದರು.

ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದತೊಡಗಿದಾಗ ಕಾಕಾಗೆ ಮೊಣಕಾಲು ನೋವು ಹತ್ತಿತ್ತು. "ಬರುವಾಗ ಆ ನೋವಿನ ಗುಳಗಿ ತಗೊಂಡ ಬಾರವಾ" ಎನ್ನುವರು. ಊರಿಗೆ ಬಂದಾಗಲೆಲ್ಲ ಎರಡು ಪಟ್ಟಿ ತಂದುಕೊಟ್ಟೆ. ಯಾವಾಗ ನುಂಗುತ್ತೀರಿ, ಉಂಡಿರುತ್ತೀರೋ ಇಲ್ಲವೋ, ಒಂದು ಸಲವೂ ಕೇಳಲಿಲ್ಲ.

ದಸರಾ ರಜೆಗೆ ಬಂದಾಗ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಅವರು ಕೂತದ್ದನ್ನು ಕಂಡೇ ನಾನು ಚೀಲ ಅಲ್ಲೇ ಇಳಿಸಿ ಹತ್ತಿರ ಹೋದೆ. ಮುಖ ಬಿಳುಚಿತ್ತು.

"ಏನಿಲ್ಲವಾ, ಸ್ವಲ್ಪ ನಿತ್ರಾಣ. ಮೂರು ದಿನಾತು, ಸಂಡಾಸಕ್ಕ ಹೋದ್ರ ಡಾಂಬರ್ ಹಂಗ ಕರ್ರಗ ಆಗಾಕತ್ತೈತಿ."

"ಗುಳಗಿ ಹೆಂಗ ತಗೋತೀರಿ ಕಾಕಾ?"

"ಮುಂಜಾನೆದ್ದು ಖಾಲಿ ಹೊಟ್ಟೀಲೆ, ಚಹಾದ ಜೋಡಿ ಎರಡು."

ಆ ಗುಳಿಗೆಗಳು ಹೊಟ್ಟೆಯ ಲೋಳೆಯನ್ನೇ ತೆಳುಮಾಡುತ್ತವೆಂದು ನಾನು ಪರೀಕ್ಷೆಯಲ್ಲಿ ಬರೆದು ಬಂದು ತಿಂಗಳೂ ಆಗಿರಲಿಲ್ಲ. ಕರ್ರಗೆ ಹೋಗುತ್ತಿದ್ದದ್ದು ರಕ್ತ. ಜೀಪು ಮಾಡಿ ಧಾರವಾಡದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರ ನಾಡಿ ಎಣಿಸುತ್ತಿದ್ದೆ. ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಡಾಕ್ಟರು ಬಾಯಿಯಿಂದ ಕ್ಯಾಮೆರಾ ಇರುವ ನಳಿಗೆ ಇಳಿಸಿ, ಹುಣ್ಣು ಹುಡುಕಿ, ರಕ್ತ ನಿಲ್ಲಿಸಿದರು. ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಎಚ್ಚರಾದ ಕಾಕಾ ಮೊದಲು ಕೇಳಿದ್ದು, "ಒಳಗಿನ ಫೋಟೊ ತಗದಾರೇನು? ನನಗ ತೋರಸ್ರಿ."

ನಿವೃತ್ತರಾಗಿ ಅವರು ಶಾಂತಾ ಕಾಕುವಿನ ತವರಾದ, ಮುಂಡಗೋಡದ ಹತ್ತಿರದ ಪಾಳಾಕ್ಕೆ ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿಬಿಟ್ಟೆ. "ಕಾಕಾ, ಆ ಗುಳಗಿ ನಾನ ತಂದಕೊಟ್ಟಿದ್ದೆ. ಒಂದ ಮಾತು ಕೇಳಬೇಕಿತ್ತು."

"ತರಸ್ಕೊಂಡಾಂವ ನಾನು. ಲೋಳಿ ಪಾಠ ಹೇಳಿದಾಂವನೂ ನಾನ. ಅದನ್ನ ಬಿಡು. ಈಗ ಹುಣ್ಣು ಮಾಯ್ದೈತಿ, ಗುಳಗಿ ಬಿಟ್ಟೇನಿ. ಆದ್ರೂ ಒಮ್ಮೊಮ್ಮೆ ಸುಮ್ಮನ ಕೂತಾಗ ಹೊಟ್ಟಿ ಉರೀತೈತಿ. ಮನಸಿಗೂ ಹೊಟ್ಟಿಗೂ ಏನರ ಸಂಬಂಧ ಐತೇನು? ಕೇಳಿ ಹೇಳು."

ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಅವರು ಕಂಬ ಹಿಡಿದು ನಿಂತೇ ಹೋದರು.

ಆಸ್ಪತ್ರೆಯ ಡ್ಯೂಟಿಯ ಗಡಿಬಿಡಿಯಲ್ಲಿ ಎರಡು ತಿಂಗಳು ಕಳೆದವು. ಕೊನೆಗೆ ನಮ್ಮ ಡಾಕ್ಟರನ್ನು ಕೇಳಿ ಫೋನು ಮಾಡಿದೆ. ಶಾಂತಾ ಕಾಕು ಎತ್ತಿದರು.

"ಅವರು ಹೋಗಿ ಹನ್ನೊಂದು ದಿನಾತವಾ. ಎದಿ ನೋವು ಅಂದ್ರು, ಮುಂಡಗೋಡ ದವಾಖಾನಿ ಮುಟ್ಟೂದ್ರಾಗ ಮುಗೀತು. ನಿನಗ ಹೇಳಾಕ ನಂಬರ ಸಿಗಲಿಲ್ಲ." ಆಮೇಲೆ ಕಾಕುವೇ ಕೇಳಿದರು, "ಅವರಿಗೆ ಏನರ ಹೇಳೂದಿತ್ತೇನು?"

ಕಾಕಾ ಕೇಳಿದ್ದಕ್ಕೆ ತಂದಿದ್ದ ಉತ್ತರವನ್ನೇ ಕಾಕುಗೆ ಹೇಳಿದೆ. ಮನಸ್ಸು ಅಂಜಿದಾಗ ಮಿದುಳಿನಿಂದ ಹೊಟ್ಟೆಗೆ ಹೋಗುವ ನರಗಳು ಚುರುಕಾಗುತ್ತವೆ; ಆಸಿಡ್ ಹೆಚ್ಚಾಗದಿದ್ದರೂ, ಇದ್ದದ್ದೇ ಹೆಚ್ಚು ಉರಿದಂತಾಗುತ್ತದೆ. ಕಾಕು ನಡುನಡುವೆ ಹೂಂಗುಟ್ಟುತ್ತ ಕಡೆಯವರೆಗೂ ಕೇಳಿದರು.

"ಅಂಜಿದಾಗ ಅಂದೆಲ್ಲ?"

"ಹೂಂ ಕಾಕು."

"ನಲವತ್ತು ವರ್ಷ ಜೋಡಿ ಇದ್ದೆ. ಅಂಜಿಕಿ ಆಗೇತಿ ಅಂತ ನನ್ನ ಮುಂದ ಒಂದ ದಿನಾನೂ ಅನಲಿಲ್ಲ ನೋಡವಾ."